ಬುಧವಾರ ರಾತ್ರಿಯ ಪಾಠಶಾಲೆ

ಬುಧವಾರ ರಾತ್ರಿ ಹನ್ನೊಂದೂ ಮುಕ್ಕಾಲು. ಬಿಟಿಎಂ ಲೇಔಟಿನ ಯಾವುದೋ ಅಡ್ಡರಸ್ತೆಯ ಪಿಜಿ. ಗೇಟಿಗೆ ಬೀಗ ಬಿದ್ದು ಗಂಟೆಯಾಗಿದೆ. ಮೂರು ಮಂಚದ ರೂಮಿನಲ್ಲಿ ಒಬ್ಬ ಮುಸುಕು ಹೊದ್ದು ಮಲಗಿದ್ದಾನೆ, ಇನ್ನೊಬ್ಬ ಬಾಲ್ಕನಿಯಲ್ಲಿ ನಿಂತು ಊರಿಗೆ ಫೋನ್ ಹಚ್ಚಿದ್ದಾನೆ. ಮೂರನೆಯವನ ತೊಡೆಯ ಮೇಲೆ ಲ್ಯಾಪ್‌ಟಾಪ್. ಪರದೆಯ ಮೇಲೆ ಐಐಟಿಯ ಪ್ರೊಫೆಸರೊಬ್ಬರು ಒಂದೂವರೆ ಪಟ್ಟು ವೇಗದಲ್ಲಿ ಮಾತಾಡುತ್ತಿದ್ದಾರೆ. ಹತ್ತು ಪ್ರಶ್ನೆಗಳಲ್ಲಿ ಆರಕ್ಕೆ ಉತ್ತರ ಗುರುತು ಹಾಕಿಯಾಗಿದೆ, ನಾಲ್ಕು ಬಾಕಿ. 11:59 ದಾಟಿದರೆ ಈ ವಾರದ ಅಸೈನ್‌ಮೆಂಟ್ ಮುಚ್ಚಿಹೋಗುತ್ತದೆ.

ಈ ಪಾಠಕ್ಕೆ ಅವನು ಒಂದು ಪೈಸೆಯನ್ನೂ ಕೊಟ್ಟಿಲ್ಲ. ಹಗಲು ಅವನು ನಡೆಯುವ ರಸ್ತೆಯ ಕಂಬಗಳ ತುಂಬ ಜಾವಾ, ಟೆಸ್ಟಿಂಗ್, ಡೇಟಾ ಸೈನ್ಸ್ ಕಲಿಸಿ ಕೆಲಸ ಕೊಡಿಸುತ್ತೇವೆಂಬ ಚೀಟಿಗಳು ಅಂಟಿವೆ. ಅಲ್ಲಿ ಸಾವಿರಾರು ರೂಪಾಯಿ ಫೀಸು. ಇಲ್ಲಿ, ಅದೇ ವಿಷಯವನ್ನು ದೇಶದ ಹೆಸರಾಂತ ಸಂಸ್ಥೆಯ ಮೇಷ್ಟ್ರು ಪುಕ್ಕಟೆ ಹೇಳಿಕೊಡುತ್ತಿದ್ದಾರೆ.

ಹಾಗಾದರೆ ಕಂಬದ ಚೀಟಿಗಳು ಇಷ್ಟು ಹೊತ್ತಿಗೆ ಉದುರಿಹೋಗಬೇಕಿತ್ತಲ್ಲ? ಉದುರಿಲ್ಲ. ಯಾಕೆ ಎಂದು ಕೇಳುತ್ತ ಹೋದರೆ ಉಚಿತ ಆನ್‌ಲೈನ್ ಶಿಕ್ಷಣದ ಕಥೆಯೆಲ್ಲ ಬಿಚ್ಚಿಕೊಳ್ಳುತ್ತದೆ. ಆ ಕಥೆಯ ಮುಖ್ಯ ಘಟ್ಟಗಳು ದಕ್ಷಿಣ ಬೆಂಗಳೂರಿನಲ್ಲೇ, ಒಂದು ಆಟೊ ಹತ್ತಿ ಸುತ್ತಿಬರುವಷ್ಟು ದೂರದಲ್ಲಿವೆ.

ಅಂಚೆಯಣ್ಣನಿಂದ ಯೂಟ್ಯೂಬ್‌ವರೆಗೆ

ಮನೆಯಲ್ಲೇ ಕೂತು ಓದುವುದು ನಮಗೆ ಹೊಸದಲ್ಲ. ಮೈಸೂರು ವಿಶ್ವವಿದ್ಯಾಲಯ 1969ರಲ್ಲೇ ಅಂಚೆ ಮತ್ತು ತೆರಪಿನ ಶಿಕ್ಷಣ ಶುರುಮಾಡಿತ್ತು. ಹಗಲು ಕೆಲಸ ಮಾಡಿ, ರಾತ್ರಿ ಪೋಸ್ಟಿನಲ್ಲಿ ಬಂದ ಪಾಠದ ಪುಸ್ತಕ ಓದಿ, 'ಎಕ್ಸ್‌ಟರ್ನಲ್ ಕಟ್ಟಿ' ಡಿಗ್ರಿ ಮಾಡಿಕೊಂಡ ಗುಮಾಸ್ತರು, ಮೇಷ್ಟ್ರುಗಳು ಜಯನಗರ, ಬನಶಂಕರಿಯ ಹಳೆಯ ಬೀದಿಗಳಲ್ಲಿ ಈಗಲೂ ಸಿಗುತ್ತಾರೆ. 1996ರಲ್ಲಿ ಅದೇ ಬೇರಿನಿಂದ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾಲಯ ಹುಟ್ಟಿತು. 2004ರಲ್ಲಿ ಇಸ್ರೊ ಹಾರಿಸಿದ ಎಜುಸ್ಯಾಟ್ ಉಪಗ್ರಹದ ಮೂಲಕ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ (ವಿಟಿಯು) ತನ್ನ ಕಾಲೇಜುಗಳಿಗೆ ಪಾಠ ಬಿತ್ತರಿಸಿತು.

ಅಂತರ್ಜಾಲದ ಸರದಿ ಬಂದದ್ದು ಅಮೆರಿಕದ ಎಂಐಟಿಯಿಂದ. ತನ್ನ ತರಗತಿಗಳ ಟಿಪ್ಪಣಿ, ಪ್ರಶ್ನೆಪತ್ರಿಕೆಗಳನ್ನು ಯಾರು ಬೇಕಾದರೂ ಓದಲಿ ಎಂದು ತೆರೆದಿಡುವುದಾಗಿ ಆ ಸಂಸ್ಥೆ 2001ರಲ್ಲಿ ಪ್ರಕಟಿಸಿತು. ಮರುವರ್ಷವೇ ಯುನೆಸ್ಕೊ ಇಂಥ ಸಾಮಗ್ರಿಗೆ 'ಮುಕ್ತ ಶೈಕ್ಷಣಿಕ ಸಂಪನ್ಮೂಲ' ಎಂಬ ಹೆಸರನ್ನು ಬಳಕೆಗೆ ತಂದಿತು.

ಭಾರತವೂ ಹಿಂದೆ ಬೀಳಲಿಲ್ಲ. ಏಳು ಐಐಟಿಗಳು ಮತ್ತು ನಮ್ಮ ಭಾರತೀಯ ವಿಜ್ಞಾನ ಸಂಸ್ಥೆ ಸೇರಿ 2003ರಲ್ಲಿ ಎನ್‌ಪಿಟಿಇಎಲ್ ಆರಂಭಿಸಿದವು. ಪ್ರೊಫೆಸರುಗಳ ಪಾಠ ಚಿತ್ರೀಕರಿಸಿ ಎಲ್ಲರಿಗೂ ಬಿಟ್ಟುಕೊಡುವುದು ಅದರ ಕೆಲಸ. 2014ರಿಂದ ಪರೀಕ್ಷೆ, ಪ್ರಮಾಣಪತ್ರಗಳೂ ಬಂದವು. 2017ರ ಜುಲೈ 9ರಂದು ಆಗಿನ ರಾಷ್ಟ್ರಪತಿ ಪ್ರಣವ್ ಮುಖರ್ಜಿ 'ಸ್ವಯಂ' ವೇದಿಕೆಗೆ ಚಾಲನೆ ಕೊಟ್ಟರು. ಎಂಜಿನಿಯರಿಂಗ್ ಅಷ್ಟೇ ಅಲ್ಲದೆ ವಾಣಿಜ್ಯ, ಕಾನೂನು, ಸಾಹಿತ್ಯ, ಶಾಲಾ ಪಾಠಗಳೂ ಒಂದೇ ಸೂರಿನಡಿ ಬಂದವು.

ಒಂದು ಕೋರ್ಸು ಹೇಗೆ ನಡೆಯುತ್ತದೆ?

ಸ್ವಯಂನಲ್ಲಿ ಕಾಲೇಜಿನಂತೆ ವರ್ಷಕ್ಕೆ ಎರಡು ಸೆಮಿಸ್ಟರ್. ಒಂದು ಜನವರಿಯಲ್ಲಿ ಶುರು, ಇನ್ನೊಂದು ಜುಲೈನಲ್ಲಿ. ಎನ್‌ಪಿಟಿಇಎಲ್ ಕೋರ್ಸುಗಳು 4, 8 ಅಥವಾ 12 ವಾರದವು. ವಾರಕ್ಕೊಮ್ಮೆ ಹೊಸ ವಿಡಿಯೊಗಳು ಬರುತ್ತವೆ, ಜೊತೆಗೊಂದು ಅಸೈನ್‌ಮೆಂಟ್. ಅದರ ಗಡುವು ಸಾಮಾನ್ಯವಾಗಿ ಬುಧವಾರ ರಾತ್ರಿ 11:59. ಪಿಜಿ ರೂಮಿನಲ್ಲಿ ಕಂಡದ್ದು ಈ ಗಡುವಿನ ಗಡಿಬಿಡಿಯನ್ನೇ.

ಕಲಿಯುವುದಕ್ಕೆ ಶುಲ್ಕವಿಲ್ಲ. ಪ್ರಮಾಣಪತ್ರ ಬೇಕೆಂದರೆ ಮಾತ್ರ ಪರೀಕ್ಷೆಗೆ 1,000 ರೂಪಾಯಿ ಕಟ್ಟಿ, ಗೊತ್ತಾದ ಕೇಂದ್ರಕ್ಕೇ ಹೋಗಿ, ಮೇಲ್ವಿಚಾರಕರ ಎದುರು ಕೂತು ಬರೆಯಬೇಕು. ಒಟ್ಟು ನೂರು ಅಂಕದಲ್ಲಿ 25 ಅಸೈನ್‌ಮೆಂಟಿಗೆ, 75 ಪರೀಕ್ಷೆಗೆ. ಎರಡರಲ್ಲೂ ಬೇರೆಬೇರೆಯಾಗಿ ಪಾಸಾಗಬೇಕು: ಅಸೈನ್‌ಮೆಂಟಿನಲ್ಲಿ ಕನಿಷ್ಠ 10, ಪರೀಕ್ಷೆಯಲ್ಲಿ ಕನಿಷ್ಠ 30.

ಈ ಅಂಕಗಳಿಗೆ ಈಗ ಕಾಲೇಜಿನಲ್ಲೂ ಬೆಲೆಯಿದೆ. ಸ್ವಯಂ ಕೋರ್ಸುಗಳಿಂದ ಪದವಿಯ ಶೇ 20ರಷ್ಟು ಕ್ರೆಡಿಟ್ ಪಡೆಯಬಹುದೆಂದು ಯುಜಿಸಿ 2016ರಲ್ಲಿ ನಿಯಮ ಮಾಡಿತು. 2021ರಲ್ಲಿ ಆ ಮಿತಿಯನ್ನು ಶೇ 40ಕ್ಕೆ ಏರಿಸಿತು. ತನ್ನ ಕಾಲೇಜಿನಲ್ಲಿ ಕಲಿಸುವವರೇ ಇಲ್ಲದ ವಿಷಯವನ್ನು ವಿದ್ಯಾರ್ಥಿ ಹೊರಗಿನ ಮೇಷ್ಟ್ರಿಂದ ಕಲಿತು, ಅಂಕ ತಂದು ತನ್ನ ಪದವಿಗೇ ಸೇರಿಸಿಕೊಳ್ಳಬಹುದು. ಎಲ್ಲ ವಿಷಯಕ್ಕೂ ಉಪನ್ಯಾಸಕರನ್ನು ನೇಮಿಸಿಕೊಳ್ಳಲಾಗದ ಸಣ್ಣ ಊರಿನ ಕಾಲೇಜಿಗೆ ಇದು ದೊಡ್ಡ ಆಸರೆ.

ಬನ್ನೇರುಘಟ್ಟ ರಸ್ತೆಯ ಗೇಟು

ಜೆ.ಪಿ. ನಗರದಿಂದ ಬಿಳೇಕಹಳ್ಳಿ ಕಡೆಗೆ ಹೊರಟರೆ ಬನ್ನೇರುಘಟ್ಟ ರಸ್ತೆಯಲ್ಲಿ ಐಐಎಂ ಬೆಂಗಳೂರಿನ ಗೇಟು ಸಿಗುತ್ತದೆ. ಒಳಗೆ ವಾಸ್ತುಶಿಲ್ಪಿ ಬಿ.ವಿ. ದೋಶಿ ಕಟ್ಟಿದ ಕಲ್ಲಿನ ಓಣಿಗಳು. ಕ್ಯಾಟ್ ಪರೀಕ್ಷೆಯ ಅತಿ ಕಿರಿದಾದ ಜರಡಿಯಲ್ಲಿ ಉಳಿದವರಿಗೆ ಮಾತ್ರ ಆ ತರಗತಿಗಳ ಪ್ರವೇಶ. ಉಳಿದವರಿಗೆ ಅದು ಬಸ್ಸಿನ ಕಿಟಕಿಯಿಂದ ಕಾಣುವ ಕಾಂಪೌಂಡು.

ಆದರೆ ಇದೇ ಸಂಸ್ಥೆ 2014ರಲ್ಲಿ ಅಮೆರಿಕದ ಎಡ್‌ಎಕ್ಸ್ ಜೊತೆ ಕೈಜೋಡಿಸಿ 'ಐಐಎಂಬಿಎಕ್ಸ್' ಹೆಸರಿನಲ್ಲಿ ಆನ್‌ಲೈನ್ ಕೋರ್ಸುಗಳಿಗೆ ಇಳಿಯಿತು. ಸ್ವಯಂ ವೇದಿಕೆಯಲ್ಲಿ ಮ್ಯಾನೇಜ್‌ಮೆಂಟ್ ವಿಷಯಗಳ ರಾಷ್ಟ್ರೀಯ ಸಂಯೋಜಕನೂ ಇದೇ. ಜಯನಗರ ನಾಲ್ಕನೇ ಬ್ಲಾಕಿನ ಅಂಗಡಿಯ ಗಲ್ಲಾಪೆಟ್ಟಿಗೆಯ ಹಿಂದೆ ಕೂತವರು ಲೆಕ್ಕಪತ್ರದ ಪಾಠವನ್ನು ಐಐಎಂ ಪ್ರಾಧ್ಯಾಪಕರಿಂದ ಕೇಳಬೇಕೆಂದರೆ ಕ್ಯಾಟ್ ಬೇಡ, ಮಾರ್ಕ್ಸ್ ಕಾರ್ಡ್ ಬೇಡ. ಇಮೇಲ್ ವಿಳಾಸವೊಂದಿದ್ದರೆ ಸಾಕು.

ಎಡ್‌ಎಕ್ಸ್‌ಗೂ ನಮ್ಮ ನಂಟಿದೆ. ಎಂಐಟಿ ಮತ್ತು ಹಾರ್ವರ್ಡ್ ಸೇರಿ 2012ರಲ್ಲಿ ಹುಟ್ಟುಹಾಕಿದ ಆ ವೇದಿಕೆಯನ್ನು ಮುನ್ನಡೆಸಿದವರು ಮಂಗಳೂರಿನ ಸೇಂಟ್ ಅಲೋಷಿಯಸ್‌ನಲ್ಲಿ ಓದಿದ ಅನಂತ್ ಅಗರ್ವಾಲ್. ಅವರು ಅದೇ ವರ್ಷ ಕಲಿಸಿದ ಮೊದಲ ಕೋರ್ಸು ಎಲೆಕ್ಟ್ರಾನಿಕ್ಸ್ ಸರ್ಕ್ಯೂಟುಗಳದ್ದು. ಅದಕ್ಕೆ ಸುಮಾರು 1.55 ಲಕ್ಷ ಜನ ಹೆಸರು ಬರೆಸಿದರು. ಕೊನೆಗೆ ಪ್ರಮಾಣಪತ್ರ ಪಡೆದವರು 7,157.

ಸೇರಿದವರು ನೂರು, ಮುಗಿಸಿದವರು ಮೂರು

ಈ ಎರಡು ಸಂಖ್ಯೆಗಳ ನಡುವಿನ ಹಳ್ಳವೇ ಉಚಿತ ಕೋರ್ಸುಗಳ ಅತಿ ದೊಡ್ಡ ಸಮಸ್ಯೆ. 'ಬಿಟ್ಟಿ ಸಿಕ್ಕರೆ ನನಗೂ ಇರಲಿ, ನಮ್ಮಪ್ಪನಿಗೂ ಇರಲಿ' ಎಂಬ ಮಾತಿದೆಯಲ್ಲ, ಹೆಸರು ನೋಂದಾಯಿಸುವಾಗ ಆಗುವುದೂ ಅದೇ. ಮಳೆಗಾಲದ ಒಂದು ಭಾನುವಾರ ಹುರುಪಿನಲ್ಲಿ ಐದು ಕೋರ್ಸಿಗೆ ಸೇರಿಕೊಳ್ಳುತ್ತೇವೆ. ಎರಡನೇ ವಾರಕ್ಕೆ ಮೂರು ಮರೆತಿರುತ್ತವೆ. ಗಣೇಶನ ಹಬ್ಬದ ಹೊತ್ತಿಗೆ ಉಳಿದೆರಡೂ ಹೋಗಿರುತ್ತವೆ.

ಎಂಐಟಿ ಮತ್ತು ಹಾರ್ವರ್ಡ್‌ನ ಆನ್‌ಲೈನ್ ಕೋರ್ಸುಗಳ ಆರು ವರ್ಷಗಳ ಲೆಕ್ಕ ಹಾಕಿದ ಅಧ್ಯಯನವೊಂದು 2019ರಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಬಂತು. 2017-18ರಲ್ಲಿ ಸೇರಿದವರ ಪೈಕಿ ಮುಗಿಸಿದವರು ಶೇ 3.13 ಮಾತ್ರ. ಹೆಸರು ಬರೆಸಿದವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಒಳಗೆ ಕಾಲೇ ಇಟ್ಟಿರಲಿಲ್ಲ.

ಅದೇ ಅಧ್ಯಯನದ ಇನ್ನೊಂದು ಅಂಕಿಯನ್ನೂ ನೋಡಬೇಕು. ಪ್ರಮಾಣಪತ್ರಕ್ಕೆಂದು ಹಣ ಕಟ್ಟಿದವರಲ್ಲಿ ಮುಗಿಸಿದವರು ಶೇ 46. ಪಾಠ ಅದೇ, ಮೇಷ್ಟ್ರು ಅವರೇ. ಮುಗಿಸಲೇಬೇಕೆಂಬ ಹಟ ಇದ್ದವರೇ ಹಣ ಕಟ್ಟಿದ್ದಾರು ಎನ್ನಬಹುದು, ಅದೂ ನಿಜ. ಹಾಗಿದ್ದರೂ ಕೈಯಿಂದ ಏನಾದರೂ ಬಿಚ್ಚಿದಾಗ, ಒಂದು ತಾರೀಖು ತಲೆಯ ಮೇಲೆ ತೂಗಿದಾಗ ಓದು ಮುಂದೆ ಸಾಗುತ್ತದೆಂಬುದು ನಮ್ಮೆಲ್ಲರ ಅನುಭವ.

ಕಂಬದ ಚೀಟಿಗಳು ಯಾಕೆ ಉದುರಿಲ್ಲ ಎಂಬುದಕ್ಕೆ ಒಂದು ಉತ್ತರ ಇಲ್ಲಿದೆ. ಬಿಟಿಎಂನ ತರಬೇತಿ ಕೇಂದ್ರ ಮಾರುವುದು ಪಾಠವನ್ನಷ್ಟೇ ಅಲ್ಲ. ದಿನಾ ಬೆಳಿಗ್ಗೆ ಹೋಗಬೇಕಾದ ಒಂದು ಜಾಗ, ತಡವಾದರೆ ಕೇಳುವ ಒಬ್ಬರು, ಪಕ್ಕದಲ್ಲಿ ತನ್ನಂತೆಯೇ ಒದ್ದಾಡುವ ಇನ್ನೊಬ್ಬ, ಇವನ್ನೂ ಸೇರಿಸಿ ಮಾರುತ್ತದೆ. ಸ್ಪರ್ಧಾತ್ಮಕ ಪರೀಕ್ಷೆಗೆ ಓದುವವರು ಮನೆಯಲ್ಲಿ ಪುಸ್ತಕವಿದ್ದೂ ಸಾರ್ವಜನಿಕ ಗ್ರಂಥಾಲಯದ ಬಾಗಿಲು ತೆಗೆಯುವ ಮೊದಲೇ ಬಂದು ಸಾಲು ನಿಲ್ಲುವುದೂ ಇದಕ್ಕೇ. ಎನ್‌ಪಿಟಿಇಎಲ್‌ಗೂ ಇದು ಗೊತ್ತು. ಅದಕ್ಕೇ ಅದು ಕಾಲೇಜುಗಳಲ್ಲಿ 'ಲೋಕಲ್ ಚಾಪ್ಟರ್' ಮಾಡಿ, ವಿದ್ಯಾರ್ಥಿಗಳ ಬೆನ್ನು ಹತ್ತಲು ಒಬ್ಬ ಅಧ್ಯಾಪಕರನ್ನು ಗೊತ್ತುಮಾಡುತ್ತದೆ.

ಉಚಿತ ಬೇರೆ, ಮುಕ್ತ ಬೇರೆ

ಈ ಎರಡು ಪದಗಳನ್ನು ನಾವು ಒಂದೇ ಎಂಬಂತೆ ಬಳಸುತ್ತೇವೆ. ಹಾಗಲ್ಲ. ದೇವಸ್ಥಾನದ ಪ್ರಸಾದ ಉಚಿತ. ಅದರ ಜೊತೆಗೆ ಮಾಡುವ ವಿಧಾನವನ್ನೂ ಬರೆದು ಕೊಟ್ಟು, 'ನಿಮ್ಮ ಮನೆಯ ರುಚಿಗೆ ತಕ್ಕಂತೆ ಬದಲಿಸಿಕೊಳ್ಳಿ, ನಾಲ್ಕು ಜನಕ್ಕೆ ಹಂಚಿ' ಎಂದರೆ ಅದು ಮುಕ್ತ. ಮುಕ್ತ ಸಾಮಗ್ರಿಯನ್ನು ಇಟ್ಟುಕೊಳ್ಳಬಹುದು, ಬಳಸಬಹುದು, ತಿದ್ದಬಹುದು, ಬೇರೆಯದರ ಜೊತೆ ಬೆರೆಸಬಹುದು, ಹಂಚಬಹುದು. ಈ ಐದೂ ಹಕ್ಕುಗಳನ್ನು ಕೊಡುವುದು ಅದರ ಪರವಾನಗಿ. ಇದಕ್ಕೆ ಬಹಳ ಕಡೆ ಬಳಕೆಯಲ್ಲಿರುವುದು ಕ್ರಿಯೇಟಿವ್ ಕಾಮನ್ಸ್ ಪರವಾನಗಿಗಳು.

ಬರೀ ಉಚಿತವಾಗಿದ್ದದ್ದು ನಾಳೆ ಉಚಿತವಾಗಿ ಉಳಿಯಬೇಕೆಂದಿಲ್ಲ. ವಿದೇಶಿ ವೇದಿಕೆಗಳಲ್ಲಿ ಮೊದಲು ಎಲ್ಲವೂ ಪುಕ್ಕಟೆಯಿತ್ತು. ಬರಬರುತ್ತ ಅಸೈನ್‌ಮೆಂಟು, ಪರೀಕ್ಷೆ, ಪ್ರಮಾಣಪತ್ರಗಳು ಹಣದ ಬಾಗಿಲಿನ ಹಿಂದೆ ಸರಿದವು. ಲಾಭದ ಉದ್ದೇಶವಿಲ್ಲದೆ ಹುಟ್ಟಿದ ಎಡ್‌ಎಕ್ಸ್ ಅನ್ನೇ 2021ರಲ್ಲಿ 80 ಕೋಟಿ ಡಾಲರಿಗೆ ಒಂದು ಕಂಪನಿ ಕೊಂಡಿತು. ಆ ಕಂಪನಿ 2024ರಲ್ಲಿ ದಿವಾಳಿ ರಕ್ಷಣೆ ಕೋರಿ ನ್ಯಾಯಾಲಯದ ಮೆಟ್ಟಿಲೇರಿತು.

ಹಿತ್ತಲ ಗಿಡ ಜಯನಗರದಲ್ಲಿ

ಮುಕ್ತ ಸಾಮಗ್ರಿಯ ಕೆಲಸ ನಮ್ಮ ಬಡಾವಣೆಗಳಲ್ಲೂ ನಡೆದಿದೆ. ನಿಮ್ಮ ಮನೆಯಲ್ಲಿ ರಾಜ್ಯ ಪಠ್ಯಕ್ರಮ ಓದುವ ಮಗುವಿದ್ದರೆ ಅದರ ಯಾವುದಾದರೂ ಪುಸ್ತಕ ತೆಗೆದು ವಿಳಾಸ ನೋಡಿ. ಕರ್ನಾಟಕ ಪಠ್ಯಪುಸ್ತಕ ಸಂಘ, 100 ಅಡಿ ವರ್ತುಲ ರಸ್ತೆ, ಬನಶಂಕರಿ 3ನೇ ಹಂತ. ಬೀದರಿನ ಮಗುವಿನ ಚೀಲದಲ್ಲೂ ಚಾಮರಾಜನಗರದ ಮಗುವಿನ ಚೀಲದಲ್ಲೂ ಇರುವುದು ಈ ಬನಶಂಕರಿಯ ವಿಳಾಸವೇ. ಶಿಕ್ಷಕರ ತರಬೇತಿಯ ಹೊಣೆ ಹೊತ್ತ ಡಿಎಸ್‌ಇಆರ್‌ಟಿ ಕಚೇರಿಯೂ ಅದೇ ರಸ್ತೆಯಲ್ಲಿದೆ.

ಪಾಠದ ಪಕ್ಕದಲ್ಲಿ ಕಪ್ಪು ಚುಕ್ಕೆಗಳ ಚೌಕವೊಂದನ್ನು ಕಂಡಿರುತ್ತೀರಿ. ಫೋನನ್ನು ಅದಕ್ಕೆ ಹಿಡಿದರೆ 2017ರಲ್ಲಿ ಬಂದ 'ದೀಕ್ಷಾ' ವೇದಿಕೆಯ ವಿಡಿಯೊ, ಅಭ್ಯಾಸಗಳು ತೆರೆದುಕೊಳ್ಳುತ್ತವೆ. ಅದರ ಒಳಗಿನ ತಂತ್ರಾಂಶ 'ಸನ್‌ಬರ್ಡ್' ಬೆಂಗಳೂರಿನ ಏಕ್‌ಸ್ಟೆಪ್ ಪ್ರತಿಷ್ಠಾನದ್ದು. ಆ ತಂತ್ರಾಂಶವೂ ಮುಕ್ತವೇ.

ಇನ್ನೂ ಸ್ವಾರಸ್ಯದ ಪ್ರಯೋಗವೊಂದು ಜಯನಗರ 4ನೇ 'ಟಿ' ಬ್ಲಾಕಿನ ಐಟಿ ಫಾರ್ ಚೇಂಜ್ ಎಂಬ ಸಂಸ್ಥೆ ಡಿಎಸ್‌ಇಆರ್‌ಟಿ ಜೊತೆಗೂಡಿ ಕಟ್ಟಿದ್ದು. ಮೊದಲು ಸರ್ಕಾರಿ ಪ್ರೌಢಶಾಲೆಗಳ ಗಣಿತ, ವಿಜ್ಞಾನ, ಸಮಾಜ ವಿಜ್ಞಾನ ಶಿಕ್ಷಕರನ್ನು ವಿಷಯವಾರು ವೇದಿಕೆಗಳಲ್ಲಿ ಒಟ್ಟುಗೂಡಿಸಿದರು. ಅದರ ಬೆನ್ನಿಗೆ 2013ರಲ್ಲಿ ಬಂದದ್ದು 'ಕರ್ನಾಟಕ ಮುಕ್ತ ಶೈಕ್ಷಣಿಕ ಸಂಪನ್ಮೂಲಗಳು' ಎಂಬ ತಾಣ. ಅದು ವಿಕಿಪೀಡಿಯದ ಮಾದರಿಯದು, ಕನ್ನಡದಲ್ಲೂ ಇದೆ, ಇಂಗ್ಲಿಷಿನಲ್ಲೂ ಇದೆ.

ಅದರ ಸೊಗಸು ಎಲ್ಲಿದೆಯೆಂದರೆ, ಶಿಕ್ಷಕರು ಅಲ್ಲಿ ಓದುಗರಾಗಿಯೇ ಉಳಿಯಬೇಕಿಲ್ಲ. ವೃತ್ತದ ಪಾಠಕ್ಕೆ ಒಬ್ಬ ಮೇಷ್ಟ್ರು ಜಿಯೊಜೀಬ್ರಾ ಎಂಬ ಉಚಿತ ತಂತ್ರಾಂಶದಲ್ಲಿ ಚಿತ್ರ ಮಾಡಿ ಸೇರಿಸಬಹುದು. ಬಿಂದುವನ್ನು ಬೆರಳಲ್ಲಿ ಎಳೆದರೆ ಸ್ಪರ್ಶಕ ಸರಿಯುತ್ತದೆ, ಕೋನ ಬದಲಾಗುತ್ತದೆ, ಪ್ರಮೇಯ ಕಣ್ಣಿಗೇ ಕಾಣುತ್ತದೆ. ಇನ್ನೊಂದು ಜಿಲ್ಲೆಯ ಟೀಚರು ಅದಕ್ಕೆ ತಮ್ಮ ಮಕ್ಕಳಿಗೆ ಒಗ್ಗುವ ಉದಾಹರಣೆ ಜೋಡಿಸಬಹುದು. ತಪ್ಪಿದ್ದರೆ ಮೂರನೆಯವರು ತಿದ್ದಬಹುದು. ಅಚ್ಚಾದ ಪುಸ್ತಕದಲ್ಲಿ ಒಂದು ಕಾಗುಣಿತ ತಿದ್ದಬೇಕೆಂದರೂ ಮುಂದಿನ ಮುದ್ರಣದವರೆಗೆ ಕಾಯಬೇಕು. ದಿನಾ ಕಲಿಸುವವರ ಕೈಗೇ ಪಾಠದ ಲೇಖನಿ ಕೊಟ್ಟದ್ದು ಈ ಪ್ರಯೋಗದ ಹೆಚ್ಚುಗಾರಿಕೆ.

ಆದರೂ ಜಯನಗರದ ಎಷ್ಟು ಜನಕ್ಕೆ ಇದು ಗೊತ್ತು? ಹಿತ್ತಲ ಗಿಡ ಮದ್ದಲ್ಲ ಎನ್ನುವುದು ಇದಕ್ಕೇ.

ಕನ್ನಡದ ವಿದ್ಯಾರ್ಥಿ ಎಡವುವ ಹೊಸ್ತಿಲು

ಕನ್ನಡ ಮಾಧ್ಯಮದಲ್ಲಿ ಹತ್ತನೇ ತರಗತಿ ಮುಗಿಸಿದ ಹುಡುಗಿಗೆ 'ಸಂಭವನೀಯತೆ' ಗೊತ್ತು, 'ವರ್ಗಸಮೀಕರಣ' ಗೊತ್ತು. ಲೆಕ್ಕ ಮಾಡಿ ತೋರಿಸು ಎಂದರೆ ಮಾಡುತ್ತಾಳೆ. ಆದರೆ ಪರದೆಯ ಮೇಲಿನ ಪ್ರೊಫೆಸರು 'ಪ್ರಾಬಬಿಲಿಟಿ', 'ಕ್ವಾಡ್ರಾಟಿಕ್' ಎಂದು ಒಂದೇ ಉಸಿರಿಗೆ ಹೇಳಿಕೊಂಡು ಹೋದಾಗ ತನಗೆ ಗೊತ್ತಿರುವುದನ್ನೇ ಹೇಳುತ್ತಿದ್ದಾರೆಂದು ಅವಳಿಗೆ ಹೊಳೆಯುವುದಿಲ್ಲ. ತರಗತಿಯಲ್ಲಾದರೆ ಕೈಯೆತ್ತಿ 'ಸಾರ್, ಹಾಗಂದ್ರೆ?' ಎನ್ನಬಹುದಿತ್ತು. ವಿಡಿಯೊಗೆ ಕೈಯೆತ್ತಿದ್ದು ಕಾಣುವುದಿಲ್ಲ. ಹತ್ತು ನಿಮಿಷಕ್ಕೆ ಅವಳು ಫೋನ್ ಮಡಗುತ್ತಾಳೆ. ಅದು ಅವಳ ಸೋಮಾರಿತನವೆಂದು ಅಂಕಿಅಂಶ ಬರೆದುಕೊಳ್ಳುತ್ತದೆ.

ಈ ಕಂದಕ ತುಂಬುವ ಕೆಲಸ ನಡೆದಿಲ್ಲವೆಂದಲ್ಲ. ಎನ್‌ಪಿಟಿಇಎಲ್ ಹಲವು ಕೋರ್ಸುಗಳ ಪಾಠಗಳನ್ನು ಕನ್ನಡವೂ ಸೇರಿದಂತೆ ಭಾರತೀಯ ಭಾಷೆಗಳಿಗೆ ಅಕ್ಷರರೂಪದಲ್ಲಿ ತರುತ್ತಿದೆ. ಖಾನ್ ಅಕಾಡೆಮಿಯ ಗಣಿತ ಪಾಠಗಳು ಕನ್ನಡದಲ್ಲಿ ಸಿಗುತ್ತವೆ. ಐಐಟಿ ಬಾಂಬೆಯ 'ಸ್ಪೋಕನ್ ಟ್ಯುಟೋರಿಯಲ್' ಯೋಜನೆ ಲಿಬ್ರೆಆಫೀಸ್, ಪೈಥಾನ್‌ನಂಥ ತಂತ್ರಾಂಶಗಳ ಪಾಠಕ್ಕೆ ಕನ್ನಡದ ದನಿ ಕೊಟ್ಟಿದೆ. ಅದರ ಕ್ರಮ ಸರಳ: ಪಾಠ ಹತ್ತೇ ನಿಮಿಷದ್ದು, ಪರದೆಯ ಅರ್ಧದಲ್ಲಿ ವಿಡಿಯೊ, ಇನ್ನರ್ಧದಲ್ಲಿ ತಂತ್ರಾಂಶ. ಅವರು ಮಾಡಿದ್ದನ್ನು ನೀವೂ ಮಾಡುತ್ತ ಹೋಗಬೇಕು. ದನಿ ಕನ್ನಡದ್ದು, ಪರದೆಯ ಮೇಲಿನ ಪದಗಳು ಇಂಗ್ಲಿಷಿನವು. ಎರಡೂ ಒಟ್ಟಿಗೆ ಕಣ್ಣಿಗೂ ಕಿವಿಗೂ ಬಿದ್ದಾಗ ಪದಗಳ ಭಯ ತಾನಾಗಿ ಇಳಿಯುತ್ತದೆ.

ಭಾಷೆಯ ಜೊತೆ ಸಲಕರಣೆಯ ಕೊರತೆಯೂ ಇದೆ. 2017-18ರ ರಾಷ್ಟ್ರೀಯ ಮಾದರಿ ಸಮೀಕ್ಷೆಯ ಪ್ರಕಾರ ದೇಶದ ನಗರದ ಮನೆಗಳಲ್ಲಿ ಕಂಪ್ಯೂಟರ್ ಇದ್ದದ್ದು ಸುಮಾರು ಶೇ 23ರಲ್ಲಿ, ಹಳ್ಳಿಯ ಮನೆಗಳಲ್ಲಿ ಶೇ 4ರಲ್ಲಿ. ಫೋನು ಎಲ್ಲರ ಕೈಯಲ್ಲಿದೆ ಎನ್ನಬಹುದು. ಫೋನಿನಲ್ಲಿ ಪಾಠ ನೋಡಬಹುದು ನಿಜ, ಆದರೆ ಅಂಗೈಯಗಲದ ಪರದೆಯಲ್ಲಿ ಪ್ರೋಗ್ರಾಂ ಬರೆದು ನೋಡಿದವರಿಗೆ ಆ ಕಷ್ಟ ಗೊತ್ತು. ಮನೆಯಲ್ಲಿ ಒಂದೇ ಫೋನಿದ್ದು ಅಪ್ಪ ಅದನ್ನು ಕೆಲಸಕ್ಕೆ ಒಯ್ದರೆ ನೋಡುವುದಕ್ಕೂ ಇಲ್ಲ. ಕೊರೊನಾ ಕಾಲದಲ್ಲಿ ಸರ್ಕಾರಿ ಶಾಲೆಯ ಪಾಠಗಳನ್ನು ಚಂದನ ವಾಹಿನಿಯಲ್ಲಿ ಬಿತ್ತರಿಸಬೇಕಾಗಿ ಬಂದದ್ದು ಇದೇ ಕಾರಣಕ್ಕೆ.

ಉತ್ತರ ಮಾರುವ ಸಂತೆ

ಮತ್ತೆ ಆ ಬುಧವಾರ ರಾತ್ರಿಗೆ ಬರೋಣ. ನಾಲ್ಕು ಪ್ರಶ್ನೆ ಬಾಕಿ, ಹದಿನಾಲ್ಕು ನಿಮಿಷ ಉಳಿದಿದೆ. ಅವನಿಗೊಂದು ಅಡ್ಡದಾರಿ ಗೊತ್ತು. ಕೋರ್ಸಿನ ಹೆಸರು, ವಾರದ ಸಂಖ್ಯೆ ಹಾಕಿ ಹುಡುಕಿದರೆ ಉತ್ತರಗಳ ವಿಡಿಯೊ ಸಿಗುತ್ತದೆ, ಟೆಲಿಗ್ರಾಂ ಗುಂಪುಗಳಲ್ಲೂ ಓಡಾಡುತ್ತಿರುತ್ತದೆ. ಈಗಂತೂ ಪ್ರಶ್ನೆಯನ್ನು ಎಐಗೆ ಅಂಟಿಸಿದರೆ ಕ್ಷಣದಲ್ಲಿ ಉತ್ತರ.

ಅಂಕ, ಕ್ರೆಡಿಟ್, ಕಾಲೇಜಿನ ಹೆಸರು ಎಲ್ಲವೂ ಪ್ರಮಾಣಪತ್ರಕ್ಕೆ ಜೋತುಬಿದ್ದಾಗ ಕಲಿಕೆ ಹಿಂದೆ ಸರಿದು ಕಾಗದ ಮುಂದೆ ಬರುತ್ತದೆ. ಹಾಗಾಗಿಯೇ ಪರೀಕ್ಷಾ ಕೇಂದ್ರಕ್ಕೆ ಖುದ್ದಾಗಿ ಹೋಗಿ ಬರೆಯುವ ಆ 75 ಅಂಕಗಳು ಮುಖ್ಯ. ಎನ್‌ಪಿಟಿಇಎಲ್ ಪ್ರಮಾಣಪತ್ರಕ್ಕೆ ಒಂದಿಷ್ಟು ಗೌರವ ಉಳಿದಿದ್ದರೆ ಅದು ಈ ಹಳೆಯ ಕಾಲದ ಪರೀಕ್ಷಾ ಕೋಣೆಯಿಂದ. ಮನೆಯಲ್ಲೇ ಕ್ಲಿಕ್ಕಿಸಿ ಪಡೆದ ಹತ್ತು ಪ್ರಮಾಣಪತ್ರಗಳಿಗಿಂತ, ಕಲಿತದ್ದನ್ನು ಬಳಸಿ ತಾನೇ ಮಾಡಿದ ಒಂದು ಸಣ್ಣ ಕೆಲಸವನ್ನು ಸಂದರ್ಶನದಲ್ಲಿ ತೋರಿಸುವುದು ಹೆಚ್ಚು ತೂಗುತ್ತದೆ.

ಸೇರುವ ಮುನ್ನ

ಒಂದೇ ಕೋರ್ಸು ಆರಿಸಿಕೊಳ್ಳಿ, ಅದೂ ಚಿಕ್ಕದು. ನಾಲ್ಕು ವಾರದ್ದನ್ನು ಮುಗಿಸಿದವರಿಗೆ ಹನ್ನೆರಡು ವಾರದ್ದು ಸುಲಭ. ಮೊದಲ ವಾರದ ಪಾಠವನ್ನು ಪೂರ್ತಿ ನೋಡಿ. ಅರ್ಧದಷ್ಟೂ ತಲೆಗೆ ಹೋಗದಿದ್ದರೆ ಅದಕ್ಕಿಂತ ಕೆಳಗಿನ ಮೆಟ್ಟಿಲು ಹುಡುಕಿ. ಅದರಲ್ಲಿ ನಾಚಿಕೆಯೇನಿಲ್ಲ.

ಪ್ರಮಾಣಪತ್ರ ಬೇಕಿದ್ದರೆ ಪರೀಕ್ಷೆಯ ತಾರೀಖನ್ನು ಇವತ್ತೇ ಕ್ಯಾಲೆಂಡರಿನಲ್ಲಿ ಬರೆದಿಡಿ. ಪದವಿಗೆ ಕ್ರೆಡಿಟ್ ಬೇಕಿದ್ದರೆ ನಿಮ್ಮ ಕಾಲೇಜು ಆ ಕೋರ್ಸನ್ನು ಒಪ್ಪುತ್ತದೆಯೇ ಎಂದು ಸೇರುವ ಮುಂಚೆಯೇ ಕೇಳಿ, ಆಮೇಲಲ್ಲ. ಕನ್ನಡ ಮಾಧ್ಯಮದಿಂದ ಬಂದವರು ಒಂದು ನೋಟ್‌ಬುಕ್ಕಿನಲ್ಲಿ ಎಡಕ್ಕೆ ಇಂಗ್ಲಿಷ್ ಪದ, ಬಲಕ್ಕೆ ನಿಮ್ಮ ಪಠ್ಯಪುಸ್ತಕದ ಪದ ಬರೆಯುತ್ತ ಹೋಗಿ. ಎರಡು ಪುಟ ತುಂಬುವ ಹೊತ್ತಿಗೆ ಪ್ರೊಫೆಸರರ ವೇಗ ಕಡಿಮೆಯಾದಂತೆ ಅನಿಸುತ್ತದೆ.

ಎಲ್ಲಕ್ಕಿಂತ ಮುಖ್ಯವಾಗಿ, ಒಬ್ಬರೇ ಸೇರಬೇಡಿ. ರೂಮ್‌ಮೇಟ್ ಇರಲಿ, ತಂಗಿ ಇರಲಿ, ಎದುರು ಮನೆಯ ನಿವೃತ್ತ ಮೇಷ್ಟ್ರೇ ಇರಲಿ, ವಾರಕ್ಕೊಮ್ಮೆ 'ಎಲ್ಲೀತನಕ ಬಂತು?' ಎಂದು ಕೇಳುವ ಒಬ್ಬರನ್ನು ಜೊತೆಗೆ ಎಳೆದುಕೊಳ್ಳಿ. ಪಾಠ, ಪ್ರಶ್ನೆ, ಪುಸ್ತಕಗಳನ್ನು ಸರ್ಕಾರವೂ ಸಂಸ್ಥೆಗಳೂ ಇಪ್ಪತ್ತು ವರ್ಷದಿಂದ ರಾಶಿ ಹಾಕಿವೆ. ಅವು ಕೊಡಲಾಗದ್ದು ಈ ಜೊತೆಯೊಂದನ್ನೇ. ಅದನ್ನು ಒದಗಿಸುವ ಕೆಲಸ ಬಡಾವಣೆಯ ಗ್ರಂಥಾಲಯದ್ದು, ಕಾಲೇಜಿನದ್ದು, ಪಕ್ಕದ ಮನೆಯವರದ್ದು.

ಸ್ವಯಂನ ಬಾಗಿಲು ಜನವರಿಗೊಮ್ಮೆ, ಜುಲೈಗೊಮ್ಮೆ ಹೊಸದಾಗಿ ತೆರೆಯುತ್ತದೆ. ಸೇರಲು ಶುಲ್ಕವಿಲ್ಲ. ಬುಧವಾರ ರಾತ್ರಿಯನ್ನು ಮಾತ್ರ ಬಿಡುವು ಮಾಡಿಟ್ಟುಕೊಳ್ಳಿ.